ಚೌಕಾಬಾರದ ಗೇಮ್ ಮಾಡೋಕೆ ಹೊರಟ ನಾಲ್ವರು

ಮಿನಿ ಪ್ರಾಜೆಕ್ಟಿಗೆ ಗೇಮ್ ಮಾಡೋಣ ಅಂತ ನಾಲ್ಕು ಜನ ಸೇರಿದರೆ ಕೆಲಸ ಹಂಚಿಕೆ ಎರಡೇ ನಿಮಿಷದಲ್ಲಿ ಮುಗಿಯುತ್ತೆ. ಕೋಡಿಂಗ್ ಚೆನ್ನಾಗಿ ಬರೋನಿಗೆ ಕೋಡ್. ಫೋಟೋಶಾಪ್ ಗೊತ್ತಿರೋನಿಗೆ ಗ್ರಾಫಿಕ್ಸ್. ತಂಡದಲ್ಲಿ ಹುಡುಗಿ ಇದ್ದರೆ ಅವಳಿಗೆ ರಿಪೋರ್ಟು, ಪಿಪಿಟಿ. ಉಳಿದವನಿಗೆ ಟೆಸ್ಟಿಂಗ್, ಅಂದರೆ ಕೊನೇ ವಾರದವರೆಗೆ ಕೆಲಸವೇ ಇಲ್ಲ. ಈ ಹಂಚಿಕೆಯಲ್ಲಿ ಯಾರ ಪಾಲಿಗೂ ಬಾರದ ಕೆಲಸ ಒಂದಿದೆ: ಆಟ ಹೇಗಿರಬೇಕು ಅಂತ ತೀರ್ಮಾನಿಸೋದು.

ಒಂದು ತಂಡ ಚೌಕಾಬಾರವನ್ನ ಮೊಬೈಲಿಗೆ ತರೋಕೆ ಹೊರಟಿದೆ ಅಂದುಕೊಳ್ಳಿ. ನಾಲ್ವರಲ್ಲಿ ಒಬ್ಬ ನಂಜನಗೂಡು ತಾಲ್ಲೂಕಿನ ದೇವನೂರಿನವನು. ಅಜ್ಜಿಯ ಎದುರು ಜಗಲಿ ಮೇಲೆ ಕೂತು ಆಡಿ ಬೆಳೆದವನು. ಕೋಡಿಂಗ್ ಅಷ್ಟಕ್ಕಷ್ಟೇ, ಹಾಗಾಗಿ ಅವನಿಗೆ ಟೆಸ್ಟಿಂಗ್ ಸಿಕ್ಕಿದೆ.

ಆಟ ನಿಮಗೆ ಗೊತ್ತಿರೋದೇ. ಐದಕ್ಕೆ ಐದು, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಹಣ್ಣಾಗೋ ಮನೆ. ಗರಕ್ಕೆ ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಇವೆರಡು ಬಿದ್ದರೆ ಇನ್ನೊಂದು ಗರ.

ಕೋಡ್ ಬರೆಯೋನು ಜಗಲಿ ಮೇಲೆ ಆಡಿದವನಲ್ಲ. ನಿಯಮ ಕೇಳಿಕೊಂಡು 1, 2, 3, 4, 8 ಅಂತ ಒಂದು ಪಟ್ಟಿ ಮಾಡಿ, ಅದರಲ್ಲೊಂದನ್ನ ರ‍್ಯಾಂಡಮ್ ಆಗಿ ಆರಿಸು ಅಂತ ಬರೆದುಬಿಡ್ತಾನೆ. ಕೋಡ್ ಓಡುತ್ತೆ, ಎರರ್ ಇಲ್ಲ. ಆದರೆ ಆಟ ಕೆಟ್ಟಿತು. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತೆ ಅಂತ ಇಟ್ಟುಕೊಂಡರೂ ಬಾರ ಬೀಳೋದು 16ರಲ್ಲಿ ಒಂದು ಸಲ. ಅವನ ಕೋಡಿನಲ್ಲಿ 5ರಲ್ಲಿ ಒಂದು ಸಲ. ಅತಿ ಹೆಚ್ಚು ಬೀಳಬೇಕಾದ 2 (16ರಲ್ಲಿ 6 ಸಲ) ಕೂಡ 5ರಲ್ಲಿ ಒಂದೇ ಸಲ. ಒಂದು ಗರದ ಸರಾಸರಿ 2.5 ಮನೆ ಇರಬೇಕಾದದ್ದು 3.6 ಆಯ್ತು. ಇನ್ನೊಂದು ಗರ ಸಿಗೋ ಸಾಧ್ಯತೆ ಎಂಟರಲ್ಲಿ ಒಂದು ಇದ್ದದ್ದು ಐದರಲ್ಲಿ ಎರಡಕ್ಕೆ ಏರಿತು. ಕಾದು, ಹೊಂಚಿ, ಕಾಯಿ ಕಡಿಯೋ ಆಟ ಬರೀ ಓಟದ ಆಟವಾಯ್ತು. ದೇವನೂರಿನ ಹುಡುಗ ಎರಡು ಸಲ ಆಡಿದರೆ 'ಇದೇನ್ಲಾ, ಇಷ್ಟೊಂದು ಬಾರ ಬೀಳ್ತದಾ?' ಅಂತಿದ್ದ. ಆದರೆ ಅವನ ಸರದಿ ಬರೋದು ಕೊನೇ ವಾರ.

ಅವನನ್ನ ಮೊದಲ ದಿನವೇ ಗೇಮ್ ಡಿಸೈನರ್ ಮಾಡಬೇಕಿತ್ತು. ಕೋಡಿನ ಒಂದು ಸಾಲು ಬರೆಯೋ ಮೊದಲು ಅವನು ನೋಟ್‌ಬುಕ್ಕಿನಲ್ಲಿ ಉತ್ತರ ಬರೆದಿಡಬೇಕಾದ ಪ್ರಶ್ನೆಗಳಿವೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದಾ? ಕಡಿದರೆ ಇನ್ನೊಂದು ಗರ ಉಂಟಾ? ತನ್ನವೇ ಎರಡು ಕಾಯಿ ಒಂದೇ ಮನೇಲಿ ಕೂತರೆ ಜೋಡಿಯಾ? ಇವಕ್ಕೆಲ್ಲ ಮನೆಗೊಂದು ಉತ್ತರ ಇದೆ, ಜಗಲಿ ಮೇಲಿನ ಅರ್ಧ ಜಗಳ ಅದರದ್ದೇ. ಆದರೆ ಫೋನಿನೊಳಗೆ ಒಂದೇ ಉತ್ತರ ಇರೋಕೆ ಸಾಧ್ಯ. ಮಿಕ್ಕ ಮೂವರು ವಾದ ಮಾಡಲಿ, ಕೊನೇ ಮಾತು ಅವನದಾಗಿರಲಿ. ಕೋಡ್ ಹೇಗೆ ಬರೆಯಬೇಕು ಅನ್ನೋದರಲ್ಲಿ ಕೊನೇ ಮಾತು ಪ್ರೋಗ್ರಾಮರದು, ಅಲ್ಲಿ ಇವನು ಕೈ ಹಾಕಬಾರದು. ಪಾತ್ರ ಹಂಚೋದು ಅಂದರೆ ನನ್ನ ಪ್ರಕಾರ ಇಷ್ಟೇ: ಯಾವ ತೀರ್ಮಾನ ಯಾರದು ಅಂತ ಬರೆದಿಡೋದು.

ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀತತ್ತ್ವನಿಧಿ'ಯ ಒಂಬತ್ತನೇ ನಿಧಿಯಾದ ಕೌತುಕ ನಿಧಿಯನ್ನ ಆಟಗಳಿಗೆ ಮೀಸಲಿಟ್ಟವರು. ಮೈಸೂರು ಸೀಮೆಯಲ್ಲಿ ಆಟ ಕಟ್ಟೋದನ್ನ ಹುಡುಗಾಟ ಅಂತ ಯಾರೂ ತಿಳಿಯಬೇಕಿಲ್ಲ.

ಚಿತ್ರದ ಕೆಲಸವೂ ಅಷ್ಟೇ. 'ಕೊನೇಲಿ ಸ್ವಲ್ಪ ಬಣ್ಣ ಹಾಕಿಬಿಡು' ಅನ್ನೋ ಕೆಲಸ ಅದಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಹೆಸರು ಮಾಡಿದ್ದೇ ಹೊರದೇಶದ ಗೇಮ್‌ಗಳಿಗೆ ಆರ್ಟ್ ಮಾಡಿಕೊಟ್ಟು. 2019ರಲ್ಲಿ ಅದನ್ನ ಕೊಂಡದ್ದು ರಾಕ್‌ಸ್ಟಾರ್, ನಿಮ್ಮ ಹಾಸ್ಟೆಲ್ಲಿನಲ್ಲಿ ರಾತ್ರಿಯಿಡೀ ಓಡೋ ಜಿಟಿಎ ಮಾಡಿದವರು.

ಗೇಮಿನ ಮಾತುಗಳನ್ನ ಬರೆಯೋಕೂ ಒಬ್ಬರು ಬೇಕು. 'ನಿಮ್ಮ ಸರದಿ ಈಗ ಪ್ರಾರಂಭವಾಗಿದೆ' ಅಂತ ಸ್ಕ್ರೀನ್ ಮೇಲೆ ಬಂದರೆ ಯಾವ ಅಜ್ಜಿ ಆಡ್ತಾಳೆ? 'ನೀ ಹಾಕು ಗರ' ಸಾಕು. ದೇವನೂರು ಅಂದರೆ ದೇವನೂರ ಮಹಾದೇವರ ಊರು; 1984ರ 'ಕುಸುಮಬಾಲೆ' ಆ ಸೀಮೆಯ ಆಡುಮಾತಿನಲ್ಲೇ ನಿಂತಿರೋ ಕಾದಂಬರಿ. ಆ ಮಾತು ಬಲ್ಲವರು ತಂಡದಲ್ಲಿದ್ದೂ ಗೂಗಲ್ ಟ್ರಾನ್ಸ್‌ಲೇಟ್ ತೆರೆದರೆ ಹೇಗೆ!

ಇನ್ನು ರಿಪೋರ್ಟು. ಅದನ್ನ ಒಬ್ಬಳ ತಲೆಗೆ ಕಟ್ಟಬೇಡಿ. ಅವರವರ ಭಾಗ ಅವರವರೇ ಬರೆಯಲಿ. ವೈವಾದಲ್ಲಿ 'ನೀನೇನಮ್ಮ ಮಾಡಿದ್ದು?' ಅಂತ ಕೇಳಿದಾಗ 'ಡಾಕ್ಯುಮೆಂಟೇಶನ್ ಸರ್' ಅನ್ನಬೇಕಾಗಿ ಬಂದರೆ ಮಾರ್ಕ್ಸ್ ಹೋಗೋದು ಅವಳದು, ತಪ್ಪು ನಾಲ್ವರದು. ಎರಡನೇ ವರ್ಷದಲ್ಲಿ ರಿಪೋರ್ಟ್ ಬರೆದವಳಿಗೆ ಮೂರನೇ ವರ್ಷವೂ ರಿಪೋರ್ಟೇ ಸಿಗುತ್ತೆ, ಕೋಡ್ ಕಲಿಯೋ ಅವಕಾಶ ಹಾಗೇ ತಪ್ಪುತ್ತೆ.

ಟೆಸ್ಟಿಂಗ್ ಮಾತ್ರ ತಂಡದ ಹೊರಗಿನವರಿಗೆ ಕೊಡಿ. ಪ್ರತಿ ಶನಿವಾರ ಅವತ್ತಿಗೆ ಎಷ್ಟಾಗಿದೆಯೋ ಅಷ್ಟನ್ನೇ ಮೆಸ್ಸಿನಲ್ಲಿ ಇಬ್ಬರ ಕೈಗೆ ಕೊಟ್ಟು ಸುಮ್ಮನೆ ನೋಡಿ, ವಿವರಣೆ ಕೊಡಬೇಡಿ. ಎಲ್ಲಿ ಬೆರಳು ತಡೆಯಿತೋ ಅದನ್ನ ಬರೆದುಕೊಳ್ಳಿ.

ಮೊದಲ ವಾರಕ್ಕೆ ಡಿಸೈನರ್, ಪ್ರೋಗ್ರಾಮರ್ ಇಬ್ಬರೂ ಕೂಡಿ ಮಾಡೋ ಒಂದು ಕೆಲಸ ಇದೆ. ನಿಜವಾದ ಕವಡೆ ಎರಡೂ ಕಡೆ ಸಮನಾಗಿ ಬೀಳಲೇಬೇಕು ಅಂತೇನಿಲ್ಲ. ನಾಲ್ಕು ಕವಡೆ ತಂದು ನೆಲದ ಮೇಲೆ 200 ಸಲ ಗರ ಹಾಕಿ. ಒಬ್ಬ ಹಾಕಲಿ, ಇನ್ನೊಬ್ಬ ಬರೆದುಕೊಳ್ಳಲಿ. ಬಂದ ಲೆಕ್ಕವನ್ನೇ ಕೋಡಿಗೆ ಹಾಕಿ.