ಕಿಸೆಯ ಚಾಕು

ಬಸವಕಲ್ಯಾಣ, ಹುಮನಾಬಾದ ಸೀಮೆಯ ನಾವು ಹೊಲದ ಕೆಲಸ ಮಾಡುವವರು. ಬೀಜದ ಚೀಲ ಬಿಚ್ಚಬೇಕು. ಸುತಲಿ ಕೊಯ್ಯಬೇಕು. ರೊಟ್ಟಿ ಜೊತೆ ಉಳ್ಳಾಗಡ್ಡಿ ಹೆಚ್ಚಬೇಕು. ಇದಕ್ಕೆ ಮಡಚುವ ಸಣ್ಣ ಚಾಕು ಸಾಕು. ಅಲಗು 3 ಇಂಚು ಇದ್ದರಾಯಿತು.

ವೀರಭದ್ರೇಶ್ವರ ಜಾತ್ರೆ ಇರಲಿ, ವಾರದ ಸಂತೆ ಇರಲಿ, ಬರೀ ಹೊಳಪು ನೋಡಿ ಕೊಳ್ಳಬಾರದು. ಚಾಕು ಬಿಚ್ಚಿ ಅಲ್ಲಾಡಿಸಿ ನೋಡೋಣ. ಅಲಗು ಸಡಿಲ ಇದ್ದರೆ ಬ್ಯಾಡ. ಕೆಲಸದಾಗ ಅದು ತಟ್ಟನೆ ಮಡಚಿ ಬೆರಳು ಕೊಯ್ಯುತ್ತದೆ. ಬಿಚ್ಚಿದ ಅಲಗನ್ನು ಹಿಡಿದು ನಿಲ್ಲಿಸುವ ಲಾಕ್ ಇದ್ದರೆ ಒಳ್ಳೇದು. ಹಿಡಿ ಒದ್ದೆ ಕೈಯಿಂದ ಜಾರಬಾರದು. ಪೊಟ್ಟಣದ ಮೇಲೆ ಬೆಲೆ ಬರೆದಿದ್ದರೆ ನಾವೇ ಓದೋಣ. ಆಮೇಲೆ ದುಡ್ಡು ಕೊಡೋಣ.

ಕೆಲಸ ಮುಗಿದ ಮೇಲೆ ಚಾಕು ತೊಳೆದು ಒರೆಸೋಣ. ಕೀಲಿಗೆ ಒಂದು ಹನಿ ಎಣ್ಣೆ ಬಿಡೋಣ. ಮಕ್ಕಳ ಕೈಗೆ ಸಿಗದಂತೆ ಇಡೋಣ.

ಧನುರ್ವಾಯು ರೋಗದ ಕ್ರಿಮಿ ಮಣ್ಣು, ಸಗಣಿಯಲ್ಲಿ ಇರುತ್ತದೆ. ಸಣ್ಣ ಗಾಯವೂ ಜೀವ ತೆಗೆದೀತು. ಕೈ ಕೊಯ್ದರೆ ಸಾಬೂನು ಹಚ್ಚಿ ನೀರಿನಿಂದ ತೊಳೆಯೋಣ. ಅದೇ ದಿನ ಸರ್ಕಾರಿ ದವಾಖಾನೆಗೆ ಹೋಗೋಣ. ಸೂಜಿ ಬೇಕೇನು ಅಂತ ಕೇಳೋಣ.

ಬಸವಣ್ಣನವರ ಕಲ್ಯಾಣ ಕಾಯಕದ ಊರು. ನಮ್ಮ ಚಾಕೂ ಕಾಯಕಕ್ಕೇ ಇರಲಿ. ಜಗಳದಾಗ ಅದು ಕಿಸೆಯಿಂದ ಹೊರಗೆ ಬರಬಾರದು.

ಓದಿ, ಬರೆಯಿರಿ: ಕಿಸೆ, ಅಲಗು, ಹಿಡಿ, ಗಾಯ, ಕಾಯಕ.