ಮ್ಯೂಸಿಯಂ ಸ್ವಯಂಸೇವಕರಾಗುವುದು ಹೇಗೆ? ದೇಶನೂರು ಸೀಮೆಯವರಿಗೆ ಹಂತ ಹಂತದ ಕೈಪಿಡಿ

ಅಶೋಕ ಎಂಬ ಹೆಸರು ಆ ಚಕ್ರವರ್ತಿಯ ಶಾಸನಗಳಲ್ಲಿ ಸಿಗುವುದು ದೇಶದಲ್ಲಿ ನಾಲ್ಕೇ ಕಡೆ. ಒಂದು ಮಧ್ಯಪ್ರದೇಶದ ಗುಜರ್ರಾ, ಇನ್ನೊಂದು ರಾಯಚೂರು ಜಿಲ್ಲೆಯ ಮಸ್ಕಿ. ಉಳಿದೆರಡೂ ನಮ್ಮ ಸಿರುಗುಪ್ಪ ತಾಲ್ಲೂಕಿನವು: ನಿಟ್ಟೂರು ಮತ್ತು ಉಡೇಗೋಳ. ಬೇರೆಡೆಯೆಲ್ಲ ಆತ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಲ್ಲೇ ಮಾತಾಡುತ್ತಾನೆ. ದೇಶನೂರಿನ ಶಾಲೆಯಲ್ಲಿ ಕೂತ ಮಗು ಅಶೋಕನ ಪಾಠ ಓದುವಾಗ ಪಾಟಲಿಪುತ್ರವನ್ನೂ ಕಳಿಂಗವನ್ನೂ ಬಾಯಿಪಾಠ ಮಾಡುತ್ತದೆ. ತನ್ನ ತಾಲ್ಲೂಕಿನ ಬಂಡೆ ಮಾತ್ರ ಅದರ ಲೆಕ್ಕಕ್ಕೆ ಬರುವುದಿಲ್ಲ. ಬಂಡೆ ಇದೆ, ಮಗುವೂ ಇದೆ. ನಡುವೆ ನಿಂತು ತೋರಿಸುವವರಿಲ್ಲ.

ಮ್ಯೂಸಿಯಂ ಸ್ವಯಂಸೇವಕರ ಕೆಲಸ ಆ ನಡುವಿನದು. ಅಮೆರಿಕದ ಬಾಸ್ಟನ್ ಲಲಿತಕಲಾ ಮ್ಯೂಸಿಯಂ 1907ರಲ್ಲೇ ಜನರನ್ನು ಚಿತ್ರ, ಶಿಲ್ಪಗಳ ಮುಂದೆ ನಿಲ್ಲಿಸಿ ವಿವರಿಸುವವರನ್ನು ನೇಮಿಸಿತ್ತು. ಇಂದು ಜಗತ್ತಿನ ಎಷ್ಟೋ ಮ್ಯೂಸಿಯಂಗಳಲ್ಲಿ ಈ ಕೆಲಸ ನಡೆಯುತ್ತಿರುವುದು ಊರಿನ ಸ್ವಯಂಸೇವಕರಿಂದ. ಡಿಗ್ರಿ ಓದುವವರು, ಶಾಲಾ ಶಿಕ್ಷಕರು, ನಿವೃತ್ತರು, ಬಿಡುವು ಮಾಡಿಕೊಳ್ಳಬಲ್ಲ ಗೃಹಿಣಿಯರು, ಯಾರು ಬೇಕಾದರೂ ಮಾಡಬಹುದು. ಇತಿಹಾಸದ ಪದವಿ ಬೇಕಿಲ್ಲ. ಬೇಕಾದದ್ದು ನೋಡುವ ತಾಳ್ಮೆ, ಮಕ್ಕಳ ಮೇಲಿನ ಅಕ್ಕರೆ, ಮಾತು ಕೊಟ್ಟ ದಿನ ತಪ್ಪದೆ ಹೋಗುವ ಶಿಸ್ತು.

ಹಂತ 1: ಮೊದಲು ಪ್ರೇಕ್ಷಕರಾಗಿ ಹೋಗಿ

ಅರ್ಜಿ ಬರೆಯುವ ಮುಂಚೆ ಸುಮ್ಮನೆ ಹೋಗಿ ನೋಡಿ ಬನ್ನಿ. ನಮ್ಮ ಸೀಮೆಗೆ ಎರಡು ಮ್ಯೂಸಿಯಂಗಳು ಕೈಗೆಟುಕುವಂತಿವೆ.

ಮೊದಲನೆಯದು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪ್ರಾಕ್ತನ ವಸ್ತುಸಂಗ್ರಹಾಲಯ. ಪುರಾತತ್ವಜ್ಞ ಪ್ರೊ. ರವಿ ಕೋರಿಶೆಟ್ಟರ್ ಅವರ ಮುತುವರ್ಜಿಯಿಂದ ರೂಪುಗೊಂಡ ಇದರಲ್ಲಿ ಶಿಲಾಯುಗದ ಉಪಕರಣಗಳೂ ಮಾನವ ವಿಕಾಸದ ಕಥೆ ಹೇಳುವ ಪ್ರತಿಕೃತಿಗಳೂ ಇವೆ. ಎರಡನೆಯದು ಹಂಪಿ ಬಳಿಯ ಕಮಲಾಪುರದ ವಸ್ತುಸಂಗ್ರಹಾಲಯ. ವಿಜಯನಗರದ ಶಿಲ್ಪಕಲೆ ನೋಡಲು ಅಲ್ಲಿಗೇ ಹೋಗಬೇಕು. ಅಂಗಳದಲ್ಲಿರುವ ಹಂಪಿಯ ದೊಡ್ಡ ಮಾದರಿಯ ಮುಂದೆ ಮಕ್ಕಳು ಕದಲುವುದೇ ಇಲ್ಲ. ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಆ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ, 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೋದವರಿಗೆ ಇನ್ನೂ ಬಾಗಿಲುಗಳಿವೆ. 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಸಂಗ್ರಹವಿದೆ. 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಇವೆರಡೂ ಮಕ್ಕಳಿಗೆ, ಸಾರ್ವಜನಿಕರಿಗೆ ಕಾರ್ಯಕ್ರಮ ನಡೆಸುತ್ತವೆ. ದೊಡ್ಡ ಮ್ಯೂಸಿಯಂ ತನ್ನ ಶಿಕ್ಷಣ ವಿಭಾಗವನ್ನು ಹೇಗೆ ನಡೆಸುತ್ತದೆ ಎಂದು ಅಲ್ಲಿ ಕಣ್ಣಾರೆ ನೋಡಿ.

ಮೊದಲ ಭೇಟಿಯಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಆತುರ ಬೇಡ. ನಿಮ್ಮನ್ನು ಹಿಡಿದು ನಿಲ್ಲಿಸಿದ ಮೂರು ವಸ್ತುಗಳನ್ನು ಆರಿಸಿಕೊಂಡು ಪ್ರತಿಯೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬರೆಯಿರಿ, ಚೆಂದ ಬರದಿದ್ದರೂ ಚಿಂತೆಯಿಲ್ಲ. ಕೈ ಬರೆಯತೊಡಗಿದಾಗಲೇ ಕಣ್ಣು ಸರಿಯಾಗಿ ನೋಡತೊಡಗುತ್ತದೆ.

ಹಂತ 2: ನಮ್ಮ ಸೀಮೆಯ ನಾಲ್ಕು ಕಥೆಗಳನ್ನು ಗಟ್ಟಿ ಮಾಡಿಕೊಳ್ಳಿ

ಜಗತ್ತಿನ ಕಲಾ ಇತಿಹಾಸವನ್ನೆಲ್ಲ ಓದಬೇಕಿಲ್ಲ. ಈ ನಾಲ್ಕು ಕಥೆಗಳು ಬಾಯಿಗೆ ಬಂದರೆ ಬಳ್ಳಾರಿಯ ಮ್ಯೂಸಿಯಂನಲ್ಲಿ ನೀವು ಧೈರ್ಯವಾಗಿ ನಿಲ್ಲಬಹುದು.

ಸಂಗನಕಲ್ಲು: ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದ್ರಾಸಿನ ಬಳಿ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೊಡಲಿ ಹುಡುಕಿದವನು. 1872ರಲ್ಲಿ ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು ಗುಡ್ಡಗಳು ಅವನ ಕಣ್ಣಿಗೆ ಬಿದ್ದವು. ಅಲ್ಲಿನ ಹಿರೇಗುಡ್ಡ ನವಶಿಲಾಯುಗದ ಕೊಡಲಿ ಕಾರ್ಖಾನೆ. ಕಪ್ಪು ಡಾಲರೈಟ್ ಕಲ್ಲನ್ನು ಒಡೆದು, ಕುಟ್ಟಿ, ಬಂಡೆಯ ಮೇಲೆ ಉಜ್ಜಿ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿದ ತಗ್ಗುಗಳು ಇಂದಿಗೂ ಬಂಡೆಗಳ ಮೇಲಿವೆ. ಫೂಟ್ ತನ್ನ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂಗೆ ಮಾರಿದ. ಅಂದು ಹೊರಗೆ ಹೋದ ಕಥೆಯನ್ನು ಬಳ್ಳಾರಿಯಲ್ಲೇ ಹೇಳುವ ಅವಕಾಶ ಈಗ ಬಂದಿದೆ.

ಕುಪ್ಪಗಲ್ಲು ಚಿತ್ರಗಳು: ಅದೇ ಗುಡ್ಡಗಳ ಡಾಲರೈಟ್ ಬಂಡೆಗಳ ಮೇಲೆ ಇಣಿಯಿರುವ, ಉದ್ದ ಕೋಡಿನ ದನಗಳನ್ನೂ ಮನುಷ್ಯರನ್ನೂ ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಫಾಸೆಟ್ ಎಂಬಾತ 1892ರಲ್ಲೇ ಇವುಗಳ ಬಗ್ಗೆ ಬರೆದಿದ್ದ. ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಅಲ್ಲಿವೆ. ನಮ್ಮ ಜಿಲ್ಲೆಯ ಮೊದಲ ಕಲಾ ಗ್ಯಾಲರಿ ಎಂದು ಮಕ್ಕಳಿಗೆ ಹೇಳಬಹುದಾದ ಜಾಗ ಅದು.

ಬೂದಿದಿಬ್ಬಗಳು: ಕುಡತಿನಿಯಂಥ ಕಡೆ ಕಾಣುವ ಬೂದಿಯ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ಕೂಡಿಟ್ಟು ಸುಟ್ಟದ್ದರಿಂದ ಆದವು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಎರಡನ್ನೂ ಹೇಳಿ: ಜನರ ಕಥೆಯನ್ನು ಜನರ ಕಥೆಯಾಗಿ, ಉತ್ಖನನದಿಂದ ತಿಳಿದದ್ದನ್ನು ಹಾಗೆಯೇ.

ತೆಕ್ಕಲಕೋಟೆ: ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಕೂತಾಗ ಕಾಣುವ ಗುಡ್ಡಗಳು. 1963–64ರಲ್ಲಿ ಇಲ್ಲಿ ಉತ್ಖನನ ನಡೆಸಿದವರು ಎಂ. ಎಸ್. ನಾಗರಾಜರಾವ್, ಮುಂದೆ ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾದವರು. ಗುಡ್ಡದ ಮೇಲೆ ದುಂಡನೆಯ ಗುಡಿಸಲು ಕಟ್ಟಿಕೊಂಡು ಬಾಳಿದವರ ಕುರುಹು ಅಲ್ಲಿ ಸಿಕ್ಕಿತು. ಮಕ್ಕಳನ್ನು ಕರೆದೊಯ್ಯುವಾಗ ಪಾಠವನ್ನು ಬಸ್ಸಿನ ಕಿಟಕಿಯಲ್ಲೇ ಶುರು ಮಾಡಿ.

ಹಂತ 3: ಲಿಖಿತವಾಗಿ ಕೇಳಿ

ಚಿಕ್ಕ ಮ್ಯೂಸಿಯಂಗಳು ಸ್ವಯಂಸೇವಕರು ಬೇಕೆಂದು ಜಾಹೀರಾತು ಕೊಡುವುದು ಕಡಿಮೆ. ನೀವೇ ಹೋಗಿ ಮೇಲ್ವಿಚಾರಕರನ್ನು ಕಂಡು ಒಂದು ಪುಟದ ಪತ್ರ ಕೊಡಿ. ಪತ್ರದಲ್ಲಿ ಇಷ್ಟಿರಲಿ:

• ನಿಮ್ಮ ಹೆಸರು, ಊರು, ಓದು ಅಥವಾ ಉದ್ಯೋಗ.
• ತಿಂಗಳಿಗೆ ಯಾವ ದಿನ, ಎಷ್ಟು ಹೊತ್ತು ಬರಬಲ್ಲಿರಿ ಎಂಬ ಖಚಿತ ಮಾತು.
• ಬಲ್ಲ ಭಾಷೆಗಳು. ಗಡಿ ತಾಲ್ಲೂಕಿನವರಾದ ನಮಗೆ ಕನ್ನಡದ ಜೊತೆ ತೆಲುಗು, ಉರ್ದು, ಲಂಬಾಣಿ ಬಂದರೆ ಅದು ದೊಡ್ಡ ಅರ್ಹತೆ, ಮುಚ್ಚಿಡಬೇಡಿ.
• ಬೇರೆ ಕೈಚಳಕ: ಚಿತ್ರ, ಫೋಟೋ, ಟೈಪಿಂಗ್, ಹಾಡು, ಮಣ್ಣಿನ ಕೆಲಸ.
• ಮಾಡಲು ಬಯಸುವ ಒಂದೇ ಒಂದು ಸಣ್ಣ ಕೆಲಸ. "ಏನಾದರೂ ಮಾಡುತ್ತೇನೆ" ಎನ್ನುವವರಿಗಿಂತ "ತಿಂಗಳ ಎರಡನೇ ಭಾನುವಾರ ಮಕ್ಕಳಿಗೆ ಕಲ್ಲಿನ ಕೊಡಲಿಗಳನ್ನು ತೋರಿಸಿ ವಿವರಿಸುತ್ತೇನೆ" ಎನ್ನುವವರಿಗೆ ಒಪ್ಪಿಗೆ ಬೇಗ ಸಿಗುತ್ತದೆ.

ಕಾಲೇಜು ವಿದ್ಯಾರ್ಥಿಗಳು ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯನ್ನೂ ಜೊತೆಯಲ್ಲೇ ಕಾಣಿ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಮ್ಯೂಸಿಯಂ ಕೆಲಸವನ್ನೂ ಈ ಲೆಕ್ಕಕ್ಕೆ ಸೇರಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಸ್ವಯಂಸೇವೆಗೆ ಸಂಬಳವಿಲ್ಲ, ಬಸ್ ಖರ್ಚು, ಪ್ರಮಾಣಪತ್ರ, ಗುರುತಿನ ಚೀಟಿ ಇವುಗಳ ಬಗ್ಗೆ ಸಂಕೋಚವಿಲ್ಲದೆ ಆರಂಭದಲ್ಲೇ ಮಾತಾಡಿಕೊಳ್ಳಿ.

ಹಂತ 4: ಮುಟ್ಟುವ, ಮುಟ್ಟದಿರುವ ನಿಯಮ ಕಲಿಯಿರಿ

ಬೆರಳಿನ ಬೆವರು, ಎಣ್ಣೆಯಂಶ ಲೋಹಕ್ಕೂ ಬಣ್ಣಕ್ಕೂ ಬಟ್ಟೆಗೂ ಹಾನಿ ಮಾಡುತ್ತದೆ. ಒಬ್ಬರು ಮುಟ್ಟಿದರೆ ಏನೂ ಕಾಣದು; ಸಾವಿರ ಮಂದಿ ಮುಟ್ಟಿದರೆ ಶಿಲ್ಪದ ಮೂಗು ಸವೆಯುತ್ತದೆ. ಆದ್ದರಿಂದ ಸಿಬ್ಬಂದಿ ಹೇಳದೆ ಯಾವುದನ್ನೂ ಎತ್ತಬೇಡಿ. ಎತ್ತಬೇಕಾದಾಗ ಎರಡೂ ಕೈಯಲ್ಲಿ, ಮೇಜಿಗೆ ಹತ್ತಿರವಾಗಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ ಎತ್ತಿ. ಮಡಕೆಯನ್ನು ಅಂಚು ಹಿಡಿದು ಎತ್ತಬಾರದು, ತಳಕ್ಕೆ ಕೈ ಕೊಡಬೇಕು. ಗ್ಯಾಲರಿಯೊಳಗೆ ಪೆನ್ನು ಬೇಡ, ಪೆನ್ಸಿಲ್ ಸಾಕು. ಫ್ಲ್ಯಾಶ್ ಹಾಕಬೇಡಿ. ಶಾಸನದ ಅಕ್ಷರ ಎದ್ದು ಕಾಣಲೆಂದು ಸುಣ್ಣವನ್ನೋ ಚಾಕ್‌ಪೀಸನ್ನೋ ತಿಕ್ಕಬೇಡಿ. ಬೆಳಗ್ಗೆ ಇಲ್ಲವೇ ಸಂಜೆಯ ಓರೆ ಬೆಳಕಿನಲ್ಲಿ ಅಕ್ಷರ ತಾನೇ ಎದ್ದು ಕಾಣುತ್ತದೆ.

ಹಂತ 5: ನಿಮಗೊಪ್ಪುವ ಕೆಲಸ ಆರಿಸಿಕೊಳ್ಳಿ

ಎಲ್ಲರೂ ಜನರ ಮುಂದೆ ನಿಂತು ಮಾತಾಡಬೇಕೆಂದಿಲ್ಲ. ನಾಚಿಕೆಯವರಿಗೆ ಒಳಕೋಣೆಯ ಕೆಲಸವಿದೆ: ವಸ್ತುಗಳ ಪಟ್ಟಿ ಮಾಡುವುದು, ಫೋಟೋ ತೆಗೆಯುವುದು, ಅಳತೆ ಬರೆಯುವುದು. ಭಾಷೆ ಬಲ್ಲವರು ವಿವರ ಫಲಕಗಳನ್ನು ಏಳನೇ ತರಗತಿಯ ಮಗುವಿಗೂ ತಿಳಿಯುವ ಕನ್ನಡದಲ್ಲಿ ತಿದ್ದಿ ಬರೆದುಕೊಡಬಹುದು. ಶಿಕ್ಷಕರು ಒಂದು ಗ್ಯಾಲರಿಯನ್ನು ಸಮಾಜ ವಿಜ್ಞಾನದ ಯಾವ ಪಾಠಕ್ಕೆ ಜೋಡಿಸಬಹುದು ಎಂಬ ಟಿಪ್ಪಣಿ ಮಾಡಬಹುದು. ಮೊದಲ ಆರು ತಿಂಗಳು ಒಂದೇ ಕೆಲಸ ಹಿಡಿಯಿರಿ.

ಹಂತ 6: ಮಕ್ಕಳಿಗೆ ತೋರಿಸುವ ಕ್ರಮ

ಸ್ವಯಂಸೇವೆಯ ಜೀವಾಳ ಇದು, ಇದಕ್ಕೆ ಹೆಚ್ಚು ಸಿದ್ಧತೆ ಬೇಕು. ಒಬ್ಬ ಸ್ವಯಂಸೇವಕರಿಗೆ ಹದಿನೈದು ಮಕ್ಕಳು ಸಾಕು. ಒಂದು ಗಂಟೆಯಲ್ಲಿ ಮೂರು ವಸ್ತು, ಅದಕ್ಕಿಂತ ಹೆಚ್ಚು ಬೇಡ.

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಶಿಕ್ಷಣ ವಿಭಾಗ ನೋಡಿಕೊಂಡಿದ್ದ ಫಿಲಿಪ್ ಯೆನವೈನ್ ಮತ್ತು ಮನಶ್ಶಾಸ್ತ್ರಜ್ಞೆ ಅಬಿಗೇಲ್ ಹೌಸೆನ್ ಸೇರಿ ಒಂದು ಸರಳ ಪದ್ಧತಿ ರೂಪಿಸಿದರು. ಅದರಲ್ಲಿ ಕೇಳುವುದು ಮೂರೇ ಪ್ರಶ್ನೆ. ನಮ್ಮ ಮಕ್ಕಳಿಗೆ ಅವನ್ನು ಹೀಗೆ ಕೇಳಿ:

"ಇಲ್ಲಿ ಏನು ನಡೀತೈತೆ?"
"ಏನು ನೋಡಿ ಹಂಗಂದಿ?"
"ಮತ್ತೇನು ಕಾಣ್ತೈತೆ?"

ಉತ್ತರ ತಪ್ಪಾದರೂ ಅಡ್ಡಬಾಯಿ ಹಾಕಬೇಡಿ. ಮಗು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಮತ್ತೊಮ್ಮೆ ಹೇಳಿ, ಮಗು ತೋರಿಸಿದ ಭಾಗಕ್ಕೆ ಬೆರಳು ಮಾಡಿ, ಇನ್ನೊಬ್ಬರನ್ನು ಕೇಳಿ. ಕಲ್ಲಿನ ಕೊಡಲಿಯ ಮುಂದೆ ನಿಲ್ಲಿಸಿ ಹೆಸರು ಹೇಳದೆ ಕೇಳಿ ನೋಡಿ. ರೈತರ ಮನೆಯ ಮಕ್ಕಳು ಅದರ ಬಾಯಿ ಯಾವುದು, ಕಾವು ಎಲ್ಲಿ ಕೂರುತ್ತಿತ್ತು ಎಂದು ತಾವೇ ಮಾತಿಗಿಳಿಯುತ್ತಾರೆ. ಇಣಿಯ ದನದ ಚಿತ್ರ ಕಂಡರೆ ಅವರಿಗೆ ಹೇಳುವುದಕ್ಕೆ ನೂರು ಮಾತಿರುತ್ತದೆ. ತೆಲುಗಿನಲ್ಲಿ ಹೊಳೆದ ಉತ್ತರವನ್ನು ತೆಲುಗಿನಲ್ಲೇ ಹೇಳಲಿ. ಕಾಲ, ಸ್ಥಳ, ಹೆಸರುಗಳನ್ನು ನೀವು ಸೇರಿಸಬೇಕಾದದ್ದು ಆಮೇಲೆ, ಅವರ ಕುತೂಹಲ ಕುದಿ ಬಂದ ಹೊತ್ತಿಗೆ.

ಗಂಟೆಯ ಲೆಕ್ಕ ಹೀಗಿರಲಿ: ಹೊರಗೆ ಐದು ನಿಮಿಷ ನಿಯಮ ಹೇಳುವುದು, ಒಂದೊಂದು ವಸ್ತುವಿಗೆ ಹನ್ನೆರಡು ನಿಮಿಷ, ಇಷ್ಟವಾದದ್ದನ್ನು ಬರೆಯಲು ಹದಿನೈದು, ಉಳಿದ ನಾಲ್ಕು ನಿಮಿಷ ಮಕ್ಕಳ ಪ್ರಶ್ನೆಗೆ. ಗೊತ್ತಿಲ್ಲದ ಪ್ರಶ್ನೆ ಬಂದರೆ ಬರೆದುಕೊಳ್ಳಿ, ಉತ್ತರವನ್ನು ಶಾಲೆಗೆ ತಲುಪಿಸಿ. ಊಹಿಸಿ ಹೇಳಬೇಡಿ.

ಹಂತ 7: ಕೈಯಿಂದ ಮಾಡಿಸಿ

ನೋಡಿದ್ದು ಕೈಗಿಳಿದಾಗಲೇ ನೆನಪಿನಲ್ಲಿ ಉಳಿಯುತ್ತದೆ. ಕಾರ್ಯಾಗಾರಕ್ಕೆ ದುಡ್ಡು ಬೇಕಿಲ್ಲ. ಕೆರೆಯ ಜೇಡಿಮಣ್ಣು ತಂದು ಚಕ್ರವಿಲ್ಲದೆ, ಮಣ್ಣಿನ ಬತ್ತಿ ಹೊಸೆದು ಸುತ್ತಿ ಗಡಿಗೆ ಮಾಡಿಸಿ. ಬ್ರಾಹ್ಮಿ ಲಿಪಿಯ ತಖ್ತೆ ಕೊಟ್ಟು ಪ್ರತಿ ಮಗುವೂ ತನ್ನ ಹೆಸರನ್ನು ಆ ಲಿಪಿಯಲ್ಲಿ ಬರೆಯಲಿ. ಅದೇ ಲಿಪಿಯ ನಿಟ್ಟೂರಿನ ಬಂಡೆ ಆ ಕ್ಷಣ ಹತ್ತಿರವಾಗುತ್ತದೆ. ರಟ್ಟು ಕತ್ತರಿಸಿ, ತೂತು ಕೊರೆದು, ಬಿಳಿ ಪಂಚೆಯ ಹಿಂದೆ ದೀಪವಿಟ್ಟು ತೊಗಲುಗೊಂಬೆಯ ಆಟ ಕಟ್ಟಿಸಿ. ಈ ಕಲೆಗಾಗಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು ಎಂಬುದನ್ನೂ ತಿಳಿಸಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ತಾಂಡಾದ ಹಿರಿಯಮ್ಮನೊಬ್ಬರನ್ನು ಕರೆಸಿದರೆ ಆ ದಿನದ ಗುರು ಆಕೆಯೇ.

ಹಂತ 8: ಕಲಿತದ್ದನ್ನು ಊರಿಗೆ ತನ್ನಿ

ವರ್ಷ ತುಂಬುವ ಹೊತ್ತಿಗೆ ನಿಮ್ಮೂರಿನಲ್ಲೇ ಒಂದು ಕೆಲಸ ಶುರುವಾಗಲಿ. ಗುಡಿಯ ಮುಂದಿನ ವೀರಗಲ್ಲು, ಮಾಸ್ತಿಕಲ್ಲು, ನಾಗರಕಲ್ಲುಗಳ ಫೋಟೋ ತೆಗೆದು, ಎತ್ತರ, ಅಗಲ, ಇರುವ ಜಾಗ, ಹಿರಿಯರು ಹೇಳುವ ಕಥೆ ಬರೆದಿಡಿ. ಭಕ್ತಿಯಿಂದಲೇ ಆದರೂ ಶಿಲ್ಪಗಳಿಗೆ ಆಯಿಲ್ ಪೇಂಟ್ ಬಳಿಯುವುದರಿಂದ ಕೆತ್ತನೆ ಮುಚ್ಚಿಹೋಗುತ್ತದೆ ಎಂದು ಹಿರಿಯರಿಗೆ ಗೌರವದಿಂದ ತಿಳಿಹೇಳಿ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಹೋದಾಗ ಮಕ್ಕಳಿಗೆ ಊರಿನ ಹಳೆಯ ಗುಡಿಗಳ ಬಾಗಿಲವಾಡ, ಕಂಬಗಳನ್ನೂ ತೋರಿಸಿ. ಅದು ಸಿಂದ ಅರಸರು ಆಳಿದ ಊರು.

ಹೊಲ ಉಳುವಾಗ ಕಲ್ಲಿನ ಕೊಡಲಿ, ಮಡಕೆ, ನಾಣ್ಯ ಸಿಕ್ಕರೆ ತೊಳೆಯಬೇಡಿ, ಮಾರಬೇಡಿ. ಸಿಕ್ಕ ಜಾಗದ ಫೋಟೋ ತೆಗೆದು ತಹಶೀಲ್ದಾರರಿಗೋ ಮ್ಯೂಸಿಯಂಗೋ ತಿಳಿಸಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಶಿಲ್ಪ, ಶಾಸನ, ನಾಣ್ಯಗಳು ಪುರಾವಸ್ತುಗಳು. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ ಸಾಕು.

ಯಾವಾಗ ಶುರು ಮಾಡಬೇಕು?

ಮೂರು ಸಂದರ್ಭಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ: ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ, ನವೆಂಬರ್ 19ರಿಂದ 25 ವಿಶ್ವ ಪರಂಪರೆ ಸಪ್ತಾಹ. ಈ ದಿನಗಳಲ್ಲಿ ಮ್ಯೂಸಿಯಂಗಳಿಗೆ ಹೆಚ್ಚಿನ ಕೈಗಳು ಬೇಕಾಗುತ್ತವೆ. ಹೊಸಬರು ಕಲಿಯಲು ಒಳ್ಳೆಯ ಸಮಯ. ಪತ್ರವನ್ನು ಅದಕ್ಕೆ ಎರಡು ತಿಂಗಳು ಮುಂಚೆ ಕೊಡಿ.

ನಮ್ಮ ಜಿಲ್ಲೆಯಲ್ಲಿ ಐದು ಸಾವಿರ ವರ್ಷಗಳ ಕಲೆಯಿದೆ, ಅದನ್ನು ಮಕ್ಕಳಿಗೆ ತೋರಿಸುವ ಕೈಗಳೇ ಕಡಿಮೆ. ದೇಶನೂರು, ಸಿರುಗುಪ್ಪ, ಕುರುಗೋಡಿನ ಒಂದೊಂದು ಶಾಲೆಗೆ ಒಬ್ಬೊಬ್ಬರು ಸಿದ್ಧರಾದರೂ ಸಾಕು. ಈ ಭಾನುವಾರ ಬಳ್ಳಾರಿಯ ಬಸ್ಸು ಹತ್ತಿ, ಜೊತೆಗೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ಹೋಗಿ.