ಕಲ್ಲಿನಲ್ಲಿ ಕೂಡಿಟ್ಟ ಶಾಖ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಹಳ್ಳಿಮನೆಗಳ ಬಚ್ಚಲಿನಲ್ಲಿ ಕಲ್ಲುಮಣ್ಣುಗಳ ನಡುವೆ ಹುದುಗಿಸಿದ ಹಂಡೆಯನ್ನು ನಾವು ಇಂದಿಗೂ ಕಾಣಬಹುದು. ರಾತ್ರಿಯೇ ಉರಿ ಆರಿರುತ್ತದೆ. ಆದರೂ ಪುಷ್ಯಮಾಸದ ಚಳಿಯ ಮುಂಜಾವಿನಲ್ಲಿ ನೀರು ಬೆಚ್ಚಗಿರುತ್ತದೆ. ಇರುಳೆಲ್ಲ ಈ ಶಾಖವು ಎಲ್ಲಿ ಅಡಗಿತ್ತು?

ಕೊಂಚ ಭಾಗ ನೀರಿನಲ್ಲಿಯೇ, ಉಳಿದುದು ಕಲ್ಲಿನಲ್ಲಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಏರಬೇಕಾದರೆ ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಕಲ್ಲಿಗೆ ಅದರ ಐದನೆಯ ಒಂದು ಪಾಲು, ಎಂದರೆ ಸುಮಾರು 0.85 ಸಾಕು. ಹಾಗಾದರೆ ನೀರೇ ಮೇಲಲ್ಲವೆ? ಅಲ್ಲ. ತೆರೆದ ಹಂಡೆಯ ನೀರು 100 ಡಿಗ್ರಿಯಲ್ಲಿ ಕುದಿಯತೊಡಗುತ್ತದೆ. ಕಲ್ಲು ಅದನ್ನು ದಾಟಿ ಮೇಲೇರಬಲ್ಲದು. 100 ಕಿಲೋಗ್ರಾಂ ಕಲ್ಲು 100 ಡಿಗ್ರಿಯಷ್ಟು ಹೆಚ್ಚು ಕಾದರೆ ಅದರಲ್ಲಿ 8,500 ಕಿಲೋಜೂಲ್ ಶೇಖರವಾಗುತ್ತದೆ. ಅರ್ಧ ಕಿಲೋಗ್ರಾಂ ಒಣಸೌದೆ ಕೊಡುವ ಶಾಖವೂ ಹೆಚ್ಚುಕಡಿಮೆ ಇಷ್ಟೇ. 40 ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ಏರಿಸಲು 3,400 ಕಿಲೋಜೂಲ್ ಸಾಕು. ಆದರೆ ಗೋಡೆ, ನೆಲ, ಗಾಳಿಗಳೂ ಪಾಲು ಕೇಳುತ್ತವೆಂಬುದನ್ನು ಮರೆಯಬಾರದು.

ಬಚ್ಚಲಿನಲ್ಲಿ ಲಾಭವಾದ ಈ ಭಾರವು ಅಡುಗೆಮನೆಯಲ್ಲಿ ನಷ್ಟ. ಅನ್ನ ಬೇಯುವ ಮೊದಲೇ ದಪ್ಪ ಒಲೆಯು ತನ್ನ ಪಾಲನ್ನು ನುಂಗುತ್ತದೆ. ಊಟವಾದ ಮೇಲೆ ಒಲೆ ಬೆಚ್ಚಗಿದ್ದು ಯಾರಿಗೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ‘ಅಸ್ತ್ರ ಒಲೆ’ ಸೌದೆಯನ್ನು ಉಳಿಸಿದ್ದು ಭಾರದಿಂದಲ್ಲ; ಗಾಳಿಯನ್ನು ಹದವಾಗಿ ಬಿಟ್ಟು, ಬಿಸಿ ಅನಿಲವು ಒಂದಾದಮೇಲೊಂದು ಪಾತ್ರೆಯನ್ನು ಮುಟ್ಟಿ ಹೊಗೆಕೊಳವೆಯನ್ನು ಸೇರುವಂತೆ ಮಾಡಿದ್ದರಿಂದ.

ಇನ್ನು ಕಲ್ಲಿನ ಆಯ್ಕೆ. ಕೆಂಪು ಜಂಬಿಟ್ಟಿಗೆಯ ತುಂಬ ರಂಧ್ರಗಳು. ಅವುಗಳೊಳಗಿನ ಗಾಳಿಯಿಂದಾಗಿ ಶಾಖವು ಅದರಲ್ಲಿ ನಿಧಾನವಾಗಿ ಹರಿಯುತ್ತದೆ. ಆದುದರಿಂದ ಅದು ಹೊರಗೋಡೆಗೆ ತಕ್ಕುದು. ಉರಿ ತಾಗುವೆಡೆಗೆ ಸುಟ್ಟ ಇಟ್ಟಿಗೆಯೇ ಲೇಸು. ಹೊಳೆಯಿಂದ ತಂದ ಹಸಿಗಲ್ಲನ್ನು ಎಂದೂ ಬಳಸಬಾರದು. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಫಿನ್ಲೆಂಡಿನವರು ಮನೆಯನ್ನು ಬೆಚ್ಚಗಿಡುವ ಒಲೆಗಳನ್ನು ಬಳಪದ ಕಲ್ಲಿನಿಂದ ಕಟ್ಟುತ್ತಾರೆ. ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಕಡೆದುದೂ ಇದೇ ಬಗೆಯ ಮೆದುಗಲ್ಲನ್ನು. ಅಜ್ಜಿಯ ಕಲ್ಲುಪಾತ್ರೆಯಲ್ಲಿ, ಒಲೆಯಿಂದ ಇಳಿಸಿದ ಮೇಲೂ ಹುಳಿ ಕುದಿಯುವುದನ್ನು ಕಂಡವರಿಗೆ ಇದರ ಗುಣವನ್ನು ಬೇರೆ ಹೇಳಬೇಕಿಲ್ಲ.

ಉರಿ ಹೇಗಿರಬೇಕು? ಸೀಳಿದ ಒಣಸೌದೆಯನ್ನು ಸಾಕಷ್ಟು ಗಾಳಿಯಲ್ಲಿ ಸ್ವಲ್ಪ ಹೊತ್ತು ಜೋರಾಗಿ ಉರಿಸಬೇಕು. ಸೌದೆಯ ಶಾಖದ ದೊಡ್ಡ ಪಾಲು ಅದರಿಂದ ಹೊಮ್ಮುವ ಅನಿಲಗಳಲ್ಲಿರುತ್ತದೆ. ಇರುಳೆಲ್ಲ ಹೊಗೆಯಾಡುವ ಕೊರಡಿನಲ್ಲಿ ಅವು ಉರಿಯದೆ ಹಾಳಾಗಿ, ಮನೆಯವರ ಕಣ್ಣು ಶ್ವಾಸಕೋಶಗಳನ್ನು ಸೇರುತ್ತವೆ. ಕಾಡಿನಿಂದ ತಲೆಹೊರೆಯಲ್ಲಿ ಸೌದೆ ತರುವ ಹೆಂಗಸಿಗೆ ಇದು ಎರಡು ಪಟ್ಟು ಅನ್ಯಾಯ. ಆದರೆ ಶಾಖವನ್ನು ಹಿಡಿದಿಡುವ ಆತುರದಲ್ಲಿ, ಕೆಂಡ ಪೂರ್ತಿ ಆರುವ ಮೊದಲು ಹೊಗೆಕೊಳವೆಯನ್ನು ಮುಚ್ಚಬಾರದು. ಕೆಂಡದಿಂದೇಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮಲಗಿದವರನ್ನು ಕೊಲ್ಲಬಲ್ಲದು.

ಬಚ್ಚಲಿನಲ್ಲಿ ಹಂಡೆಯಿರುವ ವಿದ್ಯಾರ್ಥಿಗಳು ಪ್ರಯೋಗಶಾಲೆಯ ಉಷ್ಣಮಾಪಕವೊಂದನ್ನು ಕೇಳಿ ತರಲಿ. ಉರಿ ಆರಿದಾಗಲೂ ಬೆಳಗಿನ ಐದು ಗಂಟೆಗೂ ನೀರಿನ ಉಷ್ಣತೆಯನ್ನು ಬರೆದಿಡಲಿ. ಒಂದು ರಾತ್ರಿ ಹಂಡೆಗೆ ಮುಚ್ಚಳವಿಟ್ಟು, ಇನ್ನೊಂದು ರಾತ್ರಿ ಇಡದೆ.